ಪ್ರಮುಖ ಬ್ರಾಂಡ್‌ಗಳ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಅನ್ಯ ತಯಾರಕರ ಟ್ರಾನ್ಸ್‌ಸೀವರ್ ಮಾಡ್ಯೂಲ್‌ಗಳ ಬಳಕೆ: ಸಾರ್ವಜನಿಕರ ಮಾಹಿತಿಗಾಗಿ

ಶಾಲಾ ಕಾಲೇಜುಗಳು, ಸಹಕಾರ ಸಂಘಗಳು, ಆಸ್ಪತ್ರೆಗಳು, ಸಣ್ಣ ಕೈಗಾರಿಕೆಗಳು ಹಾಗೂ ಇಂಟರ್‌ನೆಟ್ ಸೇವಾ ಕೇಂದ್ರಗಳ ಮಾಲೀಕರು ಆಪ್ಟಿಕಲ್ ಫೈಬರ್ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವಾಗ, ತಮ್ಮ ಕಟ್ಟಡದ ಒಳಗಿನ ಸ್ವಿಚ್ ಮತ್ತು ಅದಕ್ಕೆ ಜೋಡಿಸಬೇಕಾದ ಟ್ರಾನ್ಸ್‌ಸೀವರ್ ಮಾಡ್ಯೂಲ್ ಅನ್ನು ತಾವೇ ಖರೀದಿಸಬೇಕಾದ ಸಂದರ್ಭಗಳು ಬರುತ್ತವೆ. ಸ್ವಿಚ್ ತಯಾರಿಸಿದ ಕಂಪನಿಯ ಮಾಡ್ಯೂಲ್ ದುಬಾರಿಯಾಗಿದ್ದು, ಅದೇ ಕೆಲಸ ಮಾಡುವ ಅನ್ಯ ತಯಾರಕರ ಮಾಡ್ಯೂಲ್ ಹಲವು ಪಟ್ಟು ಕಡಿಮೆ ಬೆಲೆಗೆ ದೊರೆಯುತ್ತದೆ. ಕಡಿಮೆ ಬೆಲೆಯದನ್ನು ಬಳಸಿದರೆ ಸ್ವಿಚ್ ಹಾಳಾಗುವುದೇ, ವಾರಂಟಿ ರದ್ದಾಗುವುದೇ, ಅದು ಕಾನೂನುಬಾಹಿರವೇ ಎಂಬ ಪ್ರಶ್ನೆಗಳು ಅರ್ಜಿದಾರರಲ್ಲಿ ಸಹಜವಾಗಿ ಉದ್ಭವಿಸುತ್ತವೆ. ಮಾರಾಟಗಾರರು ನೀಡುವ ಉತ್ತರಗಳು ಬಹುತೇಕ ಅವರವರ ವ್ಯಾಪಾರಕ್ಕೆ ತಕ್ಕಂತೆ ಇರುವುದರಿಂದ, ಈ ವಿಷಯದ ವಾಸ್ತವಾಂಶಗಳನ್ನು ಇಲ್ಲಿ ಒದಗಿಸಲಾಗಿದೆ.

ಮನೆಗಳಿಗೆ ನೀಡಲಾಗುವ ಸಾಮಾನ್ಯ ಫೈಬರ್ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಈ ಮಾಹಿತಿಯು ಅನ್ವಯಿಸುವುದಿಲ್ಲ. ಅಂತಹ ಸಂಪರ್ಕದಲ್ಲಿ ಜಿ-ಪಾನ್ ಎಂಬ ಬೇರೆ ತಂತ್ರಜ್ಞಾನವಿದ್ದು, ಸೇವಾದಾರರು ನೀಡುವ ಪೆಟ್ಟಿಗೆಯನ್ನೇ ಬಳಸಬೇಕಾಗುತ್ತದೆ. ಸೇವಾದಾರರು ಎರಡು ಸ್ಥಳಗಳ ನಡುವೆ ಫೈಬರ್ ಎಳೆಯನ್ನೇ ನೇರವಾಗಿ ಒಪ್ಪಿಸುವ ಸಂದರ್ಭ ಹಾಗೂ ಒಂದೇ ಆವರಣದ ಹಲವು ಕಟ್ಟಡಗಳ ನಡುವೆ ಸಂಸ್ಥೆಯೇ ಫೈಬರ್ ಹಾಕಿಸಿಕೊಳ್ಳುವ ಸಂದರ್ಭಗಳಿಗೆ ಇದು ಸಂಬಂಧಿಸಿದೆ.

ಟ್ರಾನ್ಸ್‌ಸೀವರ್ ಮಾಡ್ಯೂಲ್ ಎಂದರೇನು

ಸ್ವಿಚ್ ವಿದ್ಯುತ್ ಸಂಕೇತಗಳಲ್ಲಿ ಕೆಲಸ ಮಾಡುತ್ತದೆ. ಫೈಬರ್‌ನಲ್ಲಿ ಬೆಳಕು ಚಲಿಸುತ್ತದೆ. ಒಂದನ್ನು ಮತ್ತೊಂದಕ್ಕೆ ಪರಿವರ್ತಿಸುವ, ಹೆಬ್ಬೆರಳಿನಷ್ಟು ಗಾತ್ರದ ಲೋಹದ ಬಿಡಿಭಾಗವೇ ಟ್ರಾನ್ಸ್‌ಸೀವರ್ ಮಾಡ್ಯೂಲ್. ಬಳಕೆಯಲ್ಲಿ ಇದನ್ನು ಎಸ್‌ಎಫ್‌ಪಿ ಎಂದೇ ಕರೆಯಲಾಗುತ್ತದೆ. ಇದನ್ನು ಸ್ವಿಚ್ ಚಾಲನೆಯಲ್ಲಿರುವಾಗಲೇ ತೆಗೆಯಬಹುದು, ಹಾಕಬಹುದು.

ಎಸ್‌ಎಫ್‌ಪಿಯ ಅಳತೆ, ಪಿನ್‌ಗಳ ಜೋಡಣೆ ಮತ್ತು ವಿದ್ಯುತ್ ಲಕ್ಷಣಗಳು ಯಾವುದೇ ಒಂದು ಕಂಪನಿಯ ಸೊತ್ತಲ್ಲ. ಹಲವು ತಯಾರಕರು ಸೇರಿ 2000ದ ಸೆಪ್ಟೆಂಬರ್‌ನಲ್ಲಿ ಮಾಡಿಕೊಂಡ ಬಹುಮೂಲ ಒಪ್ಪಂದದಲ್ಲಿ ಇವು ನಿಗದಿಯಾದವು. 2001ರಲ್ಲಿ ಐಎನ್ಎಫ್-8074ಐ ಎಂಬ ದಾಖಲೆಯಾಗಿ ಪ್ರಕಟವಾದವು. ಯಾವ ತಯಾರಕರ ಮಾಡ್ಯೂಲ್ ಆದರೂ ಯಾವ ತಯಾರಕರ ಸ್ವಿಚ್‌ಗಾದರೂ ಹೊಂದಬೇಕು ಎಂಬುದೇ ಈ ಒಪ್ಪಂದದ ಉದ್ದೇಶವಾಗಿತ್ತು. ಬೆಳಕಿನ ತರಂಗಾಂತರ, ಶಕ್ತಿ, ದೂರ ಇತ್ಯಾದಿಗಳನ್ನು ಐಇಇಇ 802.3 ಮಾನಕಗಳು ಪ್ರತ್ಯೇಕವಾಗಿ ನಿಗದಿಪಡಿಸಿವೆ. ಗಿಗಾಬಿಟ್ ಫೈಬರ್ ಮಾನಕವು 1998ರಲ್ಲಿ, 10 ಗಿಗಾಬಿಟ್ ಮಾನಕವು 2002ರಲ್ಲಿ ಬಂದಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಸ್ವಿಚ್ ಮಾರುವ ಅನೇಕ ಬ್ರಾಂಡ್‌ಗಳು ತಮ್ಮ ಹೆಸರಿನ ಮಾಡ್ಯೂಲ್‌ಗಳಲ್ಲಿ ಬಹುಪಾಲನ್ನು ಸ್ವತಃ ತಯಾರಿಸುವುದಿಲ್ಲ. ಈಗ ಕೋಹೆರೆಂಟ್ ಎಂಬ ಹೆಸರಿನ ಕಂಪನಿಯ ಭಾಗವಾಗಿರುವ ಫಿನಿಸಾರ್‌ನಂತಹ ದ್ಯುತಿ ಉಪಕರಣ ತಯಾರಕರಿಂದ ತರಿಸಿ, ತಮ್ಮ ಪರೀಕ್ಷೆಗಳಿಗೆ ಒಳಪಡಿಸಿ, ತಮ್ಮ ಚೀಟಿ ಅಂಟಿಸಿ ಮಾರುತ್ತವೆ. ಸಿಸ್ಕೋ ಕಂಪನಿಯು 2019ರಲ್ಲಿ ಲಕ್ಸ್‌ಟೆರಾ, 2021ರಲ್ಲಿ ಅಕೇಶಿಯಾ ಎಂಬ ದ್ಯುತಿ ಕಂಪನಿಗಳನ್ನು ಖರೀದಿಸಿರುವುದರಿಂದ ಕೆಲವನ್ನು ತಾನೇ ರೂಪಿಸುತ್ತದೆ ಎಂಬುದೂ ನಿಜ. ಆದಾಗ್ಯೂ ಹೆಚ್ಚಿನ ಬೆಲೆಯು ಬೇರೆಯೇ ಬೆಳಕಿಗೆ ಸಲ್ಲುವ ಬೆಲೆಯಲ್ಲ. ಅದು ಪರೀಕ್ಷೆಗೆ, ಬೆಂಬಲ ಸೇವೆಗೆ ಮತ್ತು ಹೆಸರಿಗೆ ಸಲ್ಲುವ ಬೆಲೆ. ಈ ಮೂರರಲ್ಲಿ ಮೊದಲ ಎರಡಕ್ಕೆ ನಿಜವಾದ ಮೌಲ್ಯವಿದೆ ಎಂಬುದನ್ನು ಮರೆಯಬಾರದು.

ಸ್ವಿಚ್ ಮಾಡ್ಯೂಲ್ ಅನ್ನು ತಿರಸ್ಕರಿಸುವುದು ಏಕೆ

ಪ್ರತಿಯೊಂದು ಮಾಡ್ಯೂಲ್‌ನ ಒಳಗೂ ಒಂದು ಚಿಕ್ಕ ಸ್ಮೃತಿ ಚಿಪ್ ಇರುತ್ತದೆ. ಅದರಲ್ಲಿ 256 ಬೈಟ್‌ಗಳ ಒಂದು ಪಟ್ಟಿ ಇದ್ದು, ಯಾವ ಬೈಟ್‌ನಲ್ಲಿ ಏನಿರಬೇಕು ಎಂಬುದು ಮಾನಕದಲ್ಲಿಯೇ ನಿಗದಿಯಾಗಿದೆ. ಮೊದಲ ಬೈಟ್ ಮಾಡ್ಯೂಲ್‌ನ ಬಗೆಯನ್ನು ತಿಳಿಸುತ್ತದೆ. 20ರಿಂದ 35ರವರೆಗಿನ 16 ಬೈಟ್‌ಗಳಲ್ಲಿ ತಯಾರಕರ ಹೆಸರು, 40ರಿಂದ 55ರವರೆಗೆ ಭಾಗದ ಸಂಖ್ಯೆ, 68ರಿಂದ 83ರವರೆಗೆ ಕ್ರಮಸಂಖ್ಯೆ, 84ರಿಂದ 91ರವರೆಗೆ ತಯಾರಿಕೆಯ ದಿನಾಂಕ ಇರುತ್ತವೆ. 96ರಿಂದ 127ರವರೆಗಿನ 32 ಬೈಟ್‌ಗಳನ್ನು ತಯಾರಕರ ಸ್ವಂತ ಉಪಯೋಗಕ್ಕೆಂದು ಬಿಡಲಾಗಿದೆ.

ಮಾಡ್ಯೂಲ್ ಅನ್ನು ಒಳತಳ್ಳಿದ ಕೂಡಲೇ ಸ್ವಿಚ್ ಈ ಪಟ್ಟಿಯನ್ನು ಓದುತ್ತದೆ. ಕೆಲವು ಬ್ರಾಂಡ್‌ಗಳ ಸ್ವಿಚ್‌ಗಳು ತಯಾರಕರ ಹೆಸರನ್ನು ಹಾಗೂ ಸ್ವಂತ ಉಪಯೋಗದ ಆ 32 ಬೈಟ್‌ಗಳಲ್ಲಿ ಬರೆದಿರುವ ಗುಪ್ತ ಸಂಕೇತವನ್ನು ತಾಳೆ ನೋಡಿ, ಹೊಂದದಿದ್ದಲ್ಲಿ ಆ ಪೋರ್ಟ್ ಅನ್ನು ದೋಷ ಸ್ಥಿತಿಗೆ ತಂದು ಸ್ಥಗಿತಗೊಳಿಸುತ್ತವೆ. ಇಲ್ಲಿ ಬೆಳಕಿನ ಗುಣಮಟ್ಟದ ಪರೀಕ್ಷೆ ನಡೆಯುವುದೇ ಇಲ್ಲ. ನಡೆಯುವುದು ಗುರುತಿನ ಚೀಟಿಯ ಪರಿಶೀಲನೆ ಮಾತ್ರ. ಆದ್ದರಿಂದ "ಸ್ವಿಚ್ ಒಪ್ಪಲಿಲ್ಲ, ಮಾಡ್ಯೂಲ್ ಕೆಟ್ಟಿದೆ" ಎಂಬ ತೀರ್ಮಾನ ಸರಿಯಲ್ಲ. ಹಾಗೆಯೇ "ಸ್ವಿಚ್ ಒಪ್ಪಿತು, ಮಾಡ್ಯೂಲ್ ಚೆನ್ನಾಗಿದೆ" ಎಂಬ ತೀರ್ಮಾನವೂ ಸರಿಯಲ್ಲ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಹೆಚ್ಚು ನಷ್ಟ ಉಂಟುಮಾಡುತ್ತದೆ.

ಅನ್ಯ ತಯಾರಕರು ಮಾರುವ ಮಾಡ್ಯೂಲ್‌ಗಳಲ್ಲಿ ಗ್ರಾಹಕರ ಸ್ವಿಚ್‌ಗೆ ತಕ್ಕ ಮಾಹಿತಿಯನ್ನು ಮೊದಲೇ ಬರೆದು ಕೊಡಲಾಗುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಯಾವ ಬ್ರಾಂಡಿನ ಯಾವ ಮಾದರಿಗೆ ಕೋಡಿಂಗ್ ಆಗಬೇಕು ಎಂಬುದನ್ನು ಖರೀದಿ ಆದೇಶದಲ್ಲಿಯೇ ಬರೆಯಬೇಕು. ಎರಡೂ ತುದಿಗಳಲ್ಲಿ ಮಾಡ್ಯೂಲ್ ಬೆಸೆದಿರುವ ತಾಮ್ರದ ಡಿಎಸಿ ಕೇಬಲ್‌ಗಳನ್ನು ಎರಡು ಬೇರೆ ಬ್ರಾಂಡ್‌ಗಳ ಉಪಕರಣಗಳ ನಡುವೆ ಬಳಸುವುದಾದರೆ ಪ್ರತಿ ತುದಿಗೂ ಬೇರೆ ಕೋಡಿಂಗ್ ಕೇಳಿ ಪಡೆಯಬಹುದು. ಅಗ್ಗದ ಸರಬರಾಜಿನಲ್ಲಿ ಕಂಡುಬರುವ ಒಂದು ದೋಷವೆಂದರೆ ಇಡೀ ಪೆಟ್ಟಿಗೆಯ ಮಾಡ್ಯೂಲ್‌ಗಳಿಗೆ ಒಂದೇ ಕ್ರಮಸಂಖ್ಯೆ ಬರೆದಿರುವುದು. ಒಂದೇ ಸಂಖ್ಯೆಯ ಎರಡು ಮಾಡ್ಯೂಲ್‌ಗಳು ಒಂದೇ ಸ್ವಿಚ್‌ನಲ್ಲಿ ಕಂಡುಬಂದರೆ ಸಿಸ್ಕೋದ ಕೆಲವು ಸ್ವಿಚ್‌ಗಳು ಎರಡನೆಯದನ್ನು ನಕಲು ಎಂದು ತಿರಸ್ಕರಿಸುತ್ತವೆ. ಒಂದೊಂದಾಗಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಇರುತ್ತವೆ. ಒಟ್ಟಿಗೆ ಹಾಕಿದಾಗ ಮಾತ್ರ ತೊಂದರೆ ಕಾಣಿಸುತ್ತದೆ.

ವಿವಿಧ ಬ್ರಾಂಡ್‌ಗಳ ನಿಲುವು

ಎಲ್ಲ ಬ್ರಾಂಡ್‌ಗಳ ಧೋರಣೆ ಒಂದೇ ಅಲ್ಲ. ಸಿಸ್ಕೋ ಸ್ವಿಚ್‌ಗಳಲ್ಲಿ 'ಸರ್ವೀಸ್ ಅನ್‌ಸಪೋರ್ಟೆಡ್-ಟ್ರಾನ್ಸ್‌ಸೀವರ್' ಎಂಬ ಆದೇಶವನ್ನು ನೀಡಿದರೆ ಗುರುತಿನ ಪರಿಶೀಲನೆ ಸಡಿಲಗೊಳ್ಳುತ್ತದೆ. ಸ್ವಿಚ್‌ನ ಸಹಾಯ ಪಟ್ಟಿಯಲ್ಲಿ ಈ ಆದೇಶ ಕಾಣಿಸುವುದಿಲ್ಲ, ಪೂರ್ತಿಯಾಗಿ ಬೆರಳಚ್ಚಿಸಬೇಕು. ಆದೇಶ ನೀಡಿದ ತಕ್ಷಣ ಪರದೆಯ ಮೇಲೆ ವಾರಂಟಿ ಕುರಿತ ಎಚ್ಚರಿಕೆ ಮೂಡುತ್ತದೆ. ಎಚ್‌ಪಿಇ ಅರೂಬಾ ಸ್ವಿಚ್‌ಗಳಲ್ಲಿ 'ಅಲೋ-ಅನ್‌ಸಪೋರ್ಟೆಡ್-ಟ್ರಾನ್ಸ್‌ಸೀವರ್' ಎಂಬ ಆದೇಶವಿದೆ. ಅರಿಸ್ಟಾ ಕಂಪನಿಯ ಸ್ವಿಚ್‌ಗಳಲ್ಲಿ ಇದಕ್ಕಾಗಿ ಕಂಪನಿಯಿಂದಲೇ ಒಂದು ಕೀಲಿ ಸಂಖ್ಯೆಯನ್ನು ಪಡೆಯಬೇಕಾಗುತ್ತದೆ. ಜುನಿಪರ್ ಸಾಮಾನ್ಯವಾಗಿ ತಡೆ ಒಡ್ಡುವುದಿಲ್ಲ. ಆದರೆ ಅನ್ಯ ಮಾಡ್ಯೂಲ್‌ಗಳಿಗೆ ಸಂಬಂಧಿಸದ ದೋಷಗಳಿಗಷ್ಟೇ ನೆರವು ನೀಡುವುದಾಗಿಯೂ, ಅಗತ್ಯವಿದ್ದಲ್ಲಿ ತನ್ನ ಮಾಡ್ಯೂಲ್ ಹಾಕಿ ನೋಡುವಂತೆ ಸೂಚಿಸಬಹುದೆಂದೂ ತಿಳಿಸುತ್ತದೆ. ಮೈಕ್ರೋಟಿಕ್ ಉಪಕರಣಗಳಲ್ಲಿ ಇಂತಹ ಬ್ರಾಂಡ್ ಬೀಗ ಇರುವುದಿಲ್ಲ.

ಈ ಆದೇಶಗಳು ಸ್ವಿಚ್‌ನ ಎಲ್ಲ ಮಾದರಿಗಳಲ್ಲಿಯೂ, ಎಲ್ಲ ತಂತ್ರಾಂಶ ಆವೃತ್ತಿಗಳಲ್ಲಿಯೂ ಒಂದೇ ರೀತಿ ಕೆಲಸ ಮಾಡುತ್ತವೆ ಎಂದು ಭಾವಿಸಬಾರದು. ಇಂದು ಕೆಲಸ ಮಾಡುತ್ತಿರುವ ಮಾಡ್ಯೂಲ್ ತಂತ್ರಾಂಶ ನವೀಕರಣದ ಮರುದಿನ ತಿರಸ್ಕೃತವಾಗುವ ಸಾಧ್ಯತೆ ಇದೆ. ಆದ್ದರಿಂದ ದೂರದ ಶಾಖೆಯಲ್ಲಿರುವ ಸ್ವಿಚ್‌ನ ತಂತ್ರಾಂಶವನ್ನು, ಆ ಸ್ವಿಚ್‌ಗೆ ತಲುಪುವ ದಾರಿಯೇ ಅನ್ಯ ತಯಾರಕರ ಮಾಡ್ಯೂಲ್ ಆಗಿರುವಾಗ, ಸ್ಥಳದಲ್ಲಿ ಯಾರೂ ಇಲ್ಲದೆ ನವೀಕರಿಸುವುದು ಸೂಕ್ತವಲ್ಲ.

ವಾರಂಟಿ

"ಅನ್ಯ ಮಾಡ್ಯೂಲ್ ಹಾಕಿದರೆ ಸ್ವಿಚ್‌ನ ವಾರಂಟಿಯೇ ರದ್ದು" ಎಂಬ ಮಾತು ಮಾರಾಟಗಾರರಿಂದ ಹೆಚ್ಚಾಗಿ ಕೇಳಿಬರುತ್ತದೆ. ಕಂಪನಿಗಳ ಲಿಖಿತ ಷರತ್ತುಗಳನ್ನು ಓದಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಉದಾಹರಣೆಗೆ, ಸಿಸ್ಕೋದ ಪ್ರಕಟಿತ ನೀತಿಯ ಸಾರಾಂಶ ಇಷ್ಟು: ದೋಷವು ಅನ್ಯ ಬಿಡಿಭಾಗದಿಂದ ಉಂಟಾಗಿದೆ ಎಂದು ಕಂಪನಿ ಕಂಡುಕೊಂಡರೆ ಆ ದೋಷಕ್ಕೆ ಬೆಂಬಲವನ್ನು ನಿರಾಕರಿಸಬಹುದು, ಅನ್ಯ ಬಿಡಿಭಾಗದಿಂದಲ್ಲ ಎಂದು ಕಂಡುಬಂದರೆ ಬೆಂಬಲ ಮುಂದುವರಿಯುತ್ತದೆ, ಪತ್ತೆ ಕಾರ್ಯದ ವೇಳೆ ಸಿಸ್ಕೋದ್ದೇ ಭಾಗವನ್ನು ಹಾಕಿ ತೋರಿಸುವಂತೆ ಕೇಳಬಹುದು, ಕೊನೆಗೆ ತಪ್ಪು ಅನ್ಯ ಭಾಗದ್ದೇ ಎಂದಾದರೆ ತನ್ನ ಸಿಬ್ಬಂದಿಯ ಸಮಯಕ್ಕೆ ಶುಲ್ಕ ವಿಧಿಸಬಹುದು.

ಅಂದರೆ ಸ್ವಿಚ್‌ನ ವಿದ್ಯುತ್ ಘಟಕ ಸುಟ್ಟುಹೋದಾಗ ಅದರಲ್ಲಿ ಅನ್ಯ ಎಸ್‌ಎಫ್‌ಪಿ ಇತ್ತು ಎಂಬ ಒಂದೇ ಕಾರಣಕ್ಕೆ ದುರಸ್ತಿ ನಿರಾಕರಿಸುವುದು ಆ ನೀತಿಗೆ ಹೊಂದುವುದಿಲ್ಲ. ಆದರೆ ಸಂಪರ್ಕ ಪದೇ ಪದೇ ಕಡಿದುಹೋಗುತ್ತಿದೆ ಎಂಬ ದೂರಿನಲ್ಲಿ ಮೊದಲ ಸಂದೇಹ ಮಾಡ್ಯೂಲ್ ಮೇಲೆಯೇ ಬೀಳುತ್ತದೆ. ಆಗ ಸಂದೇಹ ನಿವಾರಿಸುವ ಹೊಣೆ ವ್ಯವಹಾರದಲ್ಲಿ ಗ್ರಾಹಕರ ಮೇಲೆ ಬರುತ್ತದೆ. ಕಡಿಮೆ ಬೆಲೆಯ ಮಾಡ್ಯೂಲ್ ಕೊಳ್ಳುವವರು ಹಣ ಉಳಿಸುವುದರ ಜೊತೆಗೆ ಈ ಹೊಣೆಯನ್ನೂ ಕೊಳ್ಳುತ್ತಾರೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಬೇಕು.

ಭಾರತದ ಕಾನೂನಿನಲ್ಲಿ ಅನ್ಯ ತಯಾರಕರ ಮಾಡ್ಯೂಲ್ ಬಳಸುವುದು ಅಪರಾಧವಲ್ಲ. ಒಂದು ಸರಕಿನೊಂದಿಗೆ ಇನ್ನೊಂದನ್ನು ಕಡ್ಡಾಯವಾಗಿ ಕೊಳ್ಳುವಂತೆ ಮಾಡುವ ಒಪ್ಪಂದಗಳು ಸ್ಪರ್ಧೆಗೆ ಗಣನೀಯ ಹಾನಿ ಉಂಟುಮಾಡಿದಲ್ಲಿ ಸ್ಪರ್ಧಾ ಅಧಿನಿಯಮ, 2002ರ 3(4)ನೇ ಪ್ರಕರಣದ ವ್ಯಾಪ್ತಿಗೆ ಬರುತ್ತವೆ. ಕಾರುಗಳ ಬಿಡಿಭಾಗಗಳ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ಮೇಲೆ ಒಟ್ಟು ರೂ. 2,544.64 ಕೋಟಿ ದಂಡ ವಿಧಿಸಿ, ಹೊರಗಿನ ದುರಸ್ತಿಗಾರರ ಸೇವೆ ಪಡೆದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಹಾಕಬಾರದು, ತಪ್ಪು ದುರಸ್ತಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ರದ್ದುಪಡಿಸಬಹುದು ಎಂದು ನಿರ್ದೇಶಿಸಿತು. ಸದರಿ ಆದೇಶವು ಮುಂದೆ ಮೇಲ್ಮನವಿಗೆ ಒಳಪಟ್ಟಿತು. ಅದು ವಾಹನಗಳಿಗೆ ಸಂಬಂಧಿಸಿದ್ದೇ ಹೊರತು ನೆಟ್‌ವರ್ಕ್ ಉಪಕರಣಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಮಾರಾಟಗಾರರು "ವಾರಂಟಿ ರದ್ದು" ಎಂದಾಗ ಯಾವ ಷರತ್ತಿನ ಪ್ರಕಾರ ಎಂಬುದನ್ನು ಲಿಖಿತದಲ್ಲಿ ಕೇಳುವುದಕ್ಕೆ ಅದು ಸಾಕಷ್ಟು ಆಧಾರ ನೀಡುತ್ತದೆ. ಲಿಖಿತದಲ್ಲಿ ಕೇಳಿದಾಗ ಅನೇಕರ ಧ್ವನಿ ಬದಲಾಗುತ್ತದೆ.

ವಾರ್ಷಿಕ ನಿರ್ವಹಣಾ ಒಪ್ಪಂದ ಹೊಂದಿರುವವರು ಬೇರೆಯಾಗಿ ಗಮನಿಸಬೇಕು. ಕಂಪನಿಯ ವಾರಂಟಿ ಒಂದು, ಸ್ಥಳೀಯ ಏಜೆನ್ಸಿಯ ನಿರ್ವಹಣಾ ಒಪ್ಪಂದ ಇನ್ನೊಂದು. ಒಪ್ಪಂದದಲ್ಲಿ "ಮೂಲ ಬಿಡಿಭಾಗಗಳನ್ನು ಮಾತ್ರ" ಎಂಬ ಷರತ್ತಿಗೆ ಸಹಿ ಮಾಡಿದ್ದರೆ ಆ ಷರತ್ತು ಬಾಧ್ಯವಾಗುತ್ತದೆ.

ಹೊಂದಾಣಿಕೆಯ ಮಾಡ್ಯೂಲ್ ಬೇರೆ, ನಕಲಿ ಮಾಡ್ಯೂಲ್ ಬೇರೆ

ಈ ವ್ಯತ್ಯಾಸವನ್ನು ಮಾರುಕಟ್ಟೆಯಲ್ಲಿ ಬೇಕೆಂತಲೇ ಮಸುಕುಗೊಳಿಸಲಾಗುತ್ತದೆ. ಹೊಂದಾಣಿಕೆಯ ಮಾಡ್ಯೂಲ್‌ನ ಮೇಲೆ ಅದನ್ನು ಮಾರುವ ಕಂಪನಿಯ ಸ್ವಂತ ಹೆಸರಿರುತ್ತದೆ. ಇಂತಹ ಬ್ರಾಂಡ್‌ಗೆ ಹೊಂದುತ್ತದೆ ಎಂದು ಬರೆದಿರುತ್ತದೆ. ಸ್ವಂತ ವಾರಂಟಿ ಇರುತ್ತದೆ. ನಕಲಿ ಮಾಡ್ಯೂಲ್‌ನ ಮೇಲೆ ದೊಡ್ಡ ಬ್ರಾಂಡಿನ ಹೆಸರು, ಚಿಹ್ನೆ, ಹೊಳೆಯುವ ಹೋಲೋಗ್ರಾಂ ಎಲ್ಲವೂ ಇರುತ್ತವೆ. ಬೆಲೆ ಮಾತ್ರ ಅನುಮಾನಾಸ್ಪದವಾಗಿ ಕಡಿಮೆ ಇರುತ್ತದೆ. ಮೊದಲನೆಯದು ಕಾನೂನುಬದ್ಧ ವ್ಯಾಪಾರ. ಎರಡನೆಯದು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರ ಅಡಿಯಲ್ಲಿ ದಂಡನೀಯ ಅಪರಾಧ.

ನಕಲಿ ವಸ್ತುಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಹೇಳಬಹುದು. ಹಳೆಯ, ಕೆಳದರ್ಜೆಯ ನೆಟ್‌ವರ್ಕ್ ಉಪಕರಣಗಳನ್ನು ಮಾರ್ಪಡಿಸಿ, ಸಿಸ್ಕೋದ ಹೊಸ ಉಪಕರಣಗಳೆಂದು ಮಾರಿದ ವ್ಯಕ್ತಿಗೆ ನ್ಯೂ ಜೆರ್ಸಿಯ ಫೆಡರಲ್ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ 6 ವರ್ಷ 6 ತಿಂಗಳ ಸೆರೆವಾಸ ವಿಧಿಸಿತು. ಆ ಉಪಕರಣಗಳು ಆಸ್ಪತ್ರೆ, ಶಾಲೆ ಮತ್ತು ಸೇನೆಯವರೆಗೂ ತಲುಪಿದ್ದವು. ಕೊಂಡವರು ತಾವು ಅಸಲಿ ಬ್ರಾಂಡ್ ಕೊಳ್ಳುತ್ತಿದ್ದೇವೆ ಎಂದೇ ನಂಬಿದ್ದರು. ಬ್ರಾಂಡಿನ ಹೆಸರು ಕಂಡ ಕೂಡಲೇ ಪ್ರಶ್ನಿಸುವುದನ್ನು ನಿಲ್ಲಿಸುವವರಿಗೆ ಅನ್ಯ ತಯಾರಕರ ಮಾಡ್ಯೂಲ್‌ಗಿಂತ ಈ ಅಪಾಯವೇ ದೊಡ್ಡದು.

ದರಪಟ್ಟಿಯಲ್ಲಿ "ಒರಿಜಿನಲ್ ಬ್ರಾಂಡ್" ಎಂದು ಬರೆದು ಹೊಂದಾಣಿಕೆಯ ಬೆಲೆ ನಮೂದಿಸಿರುವವರಿಂದ ಖರೀದಿಸಬಾರದು. ಬ್ರಾಂಡಿನದೇ ಮಾಡ್ಯೂಲ್ ಕೊಳ್ಳುವುದಾದರೆ ಅಧಿಕೃತ ವಿತರಕರ ಪತ್ರವನ್ನು ಕೇಳಿ, ಕ್ರಮಸಂಖ್ಯೆಯನ್ನು ಕಂಪನಿಯೊಂದಿಗೆ ತಾಳೆ ನೋಡಿಕೊಳ್ಳತಕ್ಕದ್ದು.

ಸರಿಯಾದ ಮಾಡ್ಯೂಲ್ ಆರಿಸುವುದು

ಅನ್ಯ ತಯಾರಕರದೆಂದು ದೂರಲಾಗುವ ಎಷ್ಟೋ ಮಾಡ್ಯೂಲ್‌ಗಳಲ್ಲಿ ನಿಜವಾದ ದೋಷ ಆಯ್ಕೆಯಲ್ಲಿಯೇ ಇರುತ್ತದೆ. ಆದ್ದರಿಂದ ಅರ್ಜಿದಾರರು ಸೇವಾದಾರರಿಂದ ಫೈಬರ್‌ನ ಬಗೆ, ಒಟ್ಟು ಉದ್ದ, ಅಳೆದ ನಷ್ಟ ಹಾಗೂ ಎದುರು ತುದಿಯಲ್ಲಿರುವ ಮಾಡ್ಯೂಲ್‌ನ ವಿವರಗಳನ್ನು ಲಿಖಿತದಲ್ಲಿ ಪಡೆದ ನಂತರವೇ ಖರೀದಿಗೆ ಮುಂದಾಗಬೇಕು.

ಫೈಬರ್‌ನಲ್ಲಿ ಎರಡು ಬಗೆ. ಮಲ್ಟಿಮೋಡ್ ಕೇಬಲ್‌ಗಳು ಸಾಮಾನ್ಯವಾಗಿ ಕಿತ್ತಳೆ ಅಥವಾ ತಿಳಿನೀಲಿ ಹೊದಿಕೆಯವು, ಸಿಂಗಲ್‌ಮೋಡ್ ಹಳದಿ. ಮಲ್ಟಿಮೋಡ್‌ಗೆ 850 ನ್ಯಾನೋಮೀಟರ್ ಬೆಳಕಿನ ಮಾಡ್ಯೂಲ್: 10 ಗಿಗಾಬಿಟ್ ಎಸ್‌ಆರ್ ಬಗೆಯು ಒಎಂ3 ಕೇಬಲ್ ಮೇಲೆ 300 ಮೀಟರ್, ಒಎಂ4 ಮೇಲೆ 400 ಮೀಟರ್ ತಲುಪುತ್ತದೆ. ಸಿಂಗಲ್‌ಮೋಡ್‌ಗೆ 1310 ನ್ಯಾನೋಮೀಟರ್‌ನ ಎಲ್‌ಆರ್ ಬಗೆ 10 ಕಿಲೋಮೀಟರ್, 1550 ನ್ಯಾನೋಮೀಟರ್‌ನ ಇಆರ್ ಬಗೆ 40 ಕಿಲೋಮೀಟರ್. 80 ಕಿಲೋಮೀಟರ್ ಎಂದು ಮಾರಲಾಗುವ ಝಡ್‌ಆರ್ ಬಗೆಯು 10 ಗಿಗಾಬಿಟ್‌ನ ಐಇಇಇ ಮಾನಕದಲ್ಲಿ ಇಲ್ಲ. ಅದರ ಲಕ್ಷಣಗಳನ್ನು ತಯಾರಕರ ಪತ್ರದಿಂದಲೇ ತಿಳಿಯಬೇಕು.

ಒಂದೇ ಎಳೆಯಲ್ಲಿ ಹೋಗಿಬರುವ ಬಿಡಿ ಮಾಡ್ಯೂಲ್‌ಗಳನ್ನು ಯಾವಾಗಲೂ ಜೋಡಿಯಾಗಿ ಕೊಳ್ಳಬೇಕು. ಒಂದು ತುದಿ 1310ರಲ್ಲಿ ಕಳುಹಿಸಿ 1490ರಲ್ಲಿ ಸ್ವೀಕರಿಸಿದರೆ ಎದುರು ತುದಿ ಅದಕ್ಕೆ ತದ್ವಿರುದ್ಧವಾಗಿರಬೇಕು. ಒಂದೇ ಬಗೆಯ ಎರಡನ್ನು ತಂದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಸಂಪರ್ಕ ಬರುವುದಿಲ್ಲ.

ಬೆಳಕಿನ ಲೆಕ್ಕವನ್ನು ಜಮಾ ಖರ್ಚಿನಂತೆ ಮಾಡಬಹುದು. 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲ್ ಕನಿಷ್ಠ -8.2 ಡಿಬಿಎಂ ಬೆಳಕನ್ನು ಕಳುಹಿಸಬೇಕು. ಎದುರು ತುದಿಗೆ ಕನಿಷ್ಠ -14.4 ಡಿಬಿಎಂ ತಲುಪಬೇಕು. ನಡುವೆ ಖರ್ಚಿಗೆ ಇರುವುದು 6.2 ಡಿಬಿ. ಏಳು ಕಿಲೋಮೀಟರ್ ಫೈಬರ್‌ಗೆ ಕಿಲೋಮೀಟರ್‌ಗೆ 0.4ರಂತೆ 2.8, ಎರಡು ಕನೆಕ್ಟರ್‌ಗಳಿಗೆ 0.5ರಂತೆ 1.0, ನಾಲ್ಕು ಬೆಸುಗೆಗಳಿಗೆ 0.1ರಂತೆ 0.4, ಒಟ್ಟು 4.2 ಡಿಬಿ ಖರ್ಚಾದರೆ ಉಳಿಕೆ 2.0 ಡಿಬಿ. ರಸ್ತೆ ಅಗಲೀಕರಣ, ನೀರಿನ ಕೊಳವೆ, ಒಳಚರಂಡಿ ಎಂದು ನೆಲ ಅಗೆಯುವಾಗ ಕೇಬಲ್ ತುಂಡಾಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಪ್ರತಿ ಬಾರಿ ತುಂಡು ಸೇರಿಸಿ ಸರಿಪಡಿಸಿದಾಗ ಎರಡು ಬೆಸುಗೆಗಳು ಹೆಚ್ಚುತ್ತವೆ. ಮೂರು ದುರಸ್ತಿಗಳ ನಂತರ ಮೇಲಿನ ಉಳಿಕೆ 1.4ಕ್ಕೆ ಇಳಿಯುತ್ತದೆ. ಆರಂಭದಲ್ಲಿಯೇ ಉಳಿಕೆ ಇಲ್ಲದ ಸಂಪರ್ಕಕ್ಕೆ ಅಸಲಿ ಬ್ರಾಂಡಿನ ಮಾಡ್ಯೂಲ್ ಹಾಕಿದರೂ ಪ್ರಯೋಜನವಾಗದು.

ಬೆಳಕು ಹೆಚ್ಚಾದರೂ ತೊಂದರೆಯೇ. 40 ಕಿಲೋಮೀಟರ್‌ನ ಇಆರ್ ಮಾಡ್ಯೂಲ್ ಗರಿಷ್ಠ +4.0 ಡಿಬಿಎಂ ಕಳುಹಿಸಬಹುದು, ಆದರೆ ಸ್ವೀಕರಿಸುವ ಭಾಗ ತಡೆಯುವುದು -1.0 ಡಿಬಿಎಂ ಮಾತ್ರ. "ಹೆಚ್ಚು ದೂರದ್ದು ಹೆಚ್ಚು ಒಳ್ಳೆಯದು" ಎಂದು ಪಕ್ಕದ ಕಟ್ಟಡಕ್ಕೆ ಇದನ್ನು ಹಾಕಿದರೆ ನಡುವೆ ಕನಿಷ್ಠ 5 ಡಿಬಿ ತಗ್ಗಿಸುವ ಅಟೆನ್ಯುಯೇಟರ್ ಬೇಕಾಗುತ್ತದೆ.

ಕನೆಕ್ಟರ್‌ಗಳ ಬಣ್ಣವನ್ನೂ ನೋಡಬೇಕು. ಸೇವಾದಾರರ ಪೆಟ್ಟಿಗೆಯಲ್ಲಿ ಅನೇಕ ವೇಳೆ ತುದಿ ಓರೆಯಾಗಿ ಉಜ್ಜಿದ ಹಸಿರು ಎಪಿಸಿ ಕನೆಕ್ಟರ್ ಇರುತ್ತದೆ. ಎಸ್‌ಎಫ್‌ಪಿಗೆ ಬೇಕಾಗಿರುವುದು ನೀಲಿ ಯುಪಿಸಿ ಬಗೆಯ ಎಲ್‌ಸಿ. ನಡುವಿನ ಪ್ಯಾಚ್ ಕಾರ್ಡ್‌ನ ಒಂದು ತುದಿ ಹಸಿರು, ಇನ್ನೊಂದು ತುದಿ ನೀಲಿ ಇರುವುದನ್ನು ಕೇಳಿ ತರಿಸಿಕೊಳ್ಳಬೇಕು.

ಉಷ್ಣಾಂಶದ ವಿಷಯ ನಮ್ಮ ರಾಜ್ಯದಲ್ಲಿ ಕಡೆಗಣಿಸುವಂತಿಲ್ಲ. ಸಾಮಾನ್ಯ ವಾಣಿಜ್ಯ ದರ್ಜೆಯ ಮಾಡ್ಯೂಲ್‌ನ ಹೊರಕವಚದ ಉಷ್ಣಾಂಶ 0ಯಿಂದ 70 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಕೈಗಾರಿಕಾ ದರ್ಜೆಯದಕ್ಕೆ -40ರಿಂದ 85. ಈ ಅಂಕಿ ಕೋಣೆಯದಲ್ಲ, ಮಾಡ್ಯೂಲ್‌ನ ಕವಚದ್ದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಗಾಳಿಯಾಡದ ಗೋಡೆ ಪೆಟ್ಟಿಗೆಯೊಳಗಿನ ಸ್ವಿಚ್‌ನಲ್ಲಿ ಆ ಮಿತಿ ದೂರವಿರುವುದಿಲ್ಲ. ತಾಮ್ರದ ತಂತಿಗಾಗಿ ಇರುವ 10 ಗಿಗಾಬಿಟ್ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್‌ಗಳು ಸುಮಾರು 2.5 ವ್ಯಾಟ್‌ವರೆಗೆ ವಿದ್ಯುತ್ ಬಳಸುತ್ತವೆ. ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗಳನ್ನು ರೂಪಿಸಿರುವುದು ಸಾಮಾನ್ಯವಾಗಿ 1ರಿಂದ 1.5 ವ್ಯಾಟ್‌ಗೆ. ಇಂತಹವನ್ನು ಅಕ್ಕಪಕ್ಕದ ಪೋರ್ಟ್‌ಗಳಲ್ಲಿ ಸಾಲಾಗಿ ಹಾಕಬಾರದು. ಅನ್ಯ ಮಾಡ್ಯೂಲ್‌ನಿಂದ ಸ್ವಿಚ್‌ಗೆ ನಿಜವಾಗಿ ಹಾನಿ ಆಗಬಹುದಾದ ಸಂದರ್ಭಗಳಲ್ಲಿ ಇದು ಮುಖ್ಯವಾದುದು.

ಖರೀದಿಯ ದಾಖಲೆಗಳು

ಖರೀದಿ ಆದೇಶದಲ್ಲಿ ಬ್ರಾಂಡಿನ ಭಾಗಸಂಖ್ಯೆಯನ್ನಷ್ಟೇ ಬರೆಯುವ ಬದಲು ವೇಗ, ತರಂಗಾಂತರ, ದೂರ, ಉಷ್ಣಾಂಶ ದರ್ಜೆ, ಲೇಸರ್ ಸುರಕ್ಷತೆಯ ಐಇಸಿ 60825-1 ಪ್ರಕಾರ ಒಂದನೇ ವರ್ಗ, ಎಸ್‌ಎಫ್‌ಎಫ್-8472 ಪ್ರಕಾರ ಅಳತೆ ಸೌಲಭ್ಯ ಎಂದು ಗುಣಲಕ್ಷಣಗಳನ್ನು ಬರೆಯುವುದು ಉತ್ತಮ. ಸ್ವಿಚ್‌ನ ಪೂರ್ಣ ಮಾದರಿ ಮತ್ತು ತಂತ್ರಾಂಶ ಆವೃತ್ತಿಯನ್ನು ನಮೂದಿಸಿ, "ಸದರಿ ಸ್ವಿಚ್‌ನಲ್ಲಿ ಕಾರ್ಯನಿರ್ವಹಿಸದಿದ್ದಲ್ಲಿ ಬದಲಾಯಿಸಿ ಕೊಡತಕ್ಕದ್ದು ಅಥವಾ ಪೂರ್ಣ ಹಣ ಹಿಂದಿರುಗಿಸತಕ್ಕದ್ದು" ಎಂಬ ಷರತ್ತನ್ನು ಸೇರಿಸಬೇಕು. ತಂತ್ರಾಂಶ ನವೀಕರಣದ ನಂತರ ತಿರಸ್ಕೃತವಾದರೆ ಮರು ಕೋಡಿಂಗ್ ಮಾಡಿಕೊಡುವ ಹೊಣೆಯನ್ನೂ ಬರೆಸಿಕೊಳ್ಳಬಹುದು. ವಿಶ್ವಾಸಾರ್ಹ ಸರಬರಾಜುದಾರರು ಇದಕ್ಕೆ ಒಪ್ಪುತ್ತಾರೆ.

ಬಿಲ್ಲಿನಲ್ಲಿ "ನೆಟ್‌ವರ್ಕ್ ಸಾಮಗ್ರಿ" ಎಂಬ ಒಂದೇ ಸಾಲು ಸಾಲದು. ತಯಾರಕರ ಹೆಸರು, ಭಾಗಸಂಖ್ಯೆ, ಪ್ರತಿ ಮಾಡ್ಯೂಲ್‌ನ ಕ್ರಮಸಂಖ್ಯೆ ಹಾಗೂ ವಾರಂಟಿ ಅವಧಿ ಬಿಲ್ಲಿನಲ್ಲಿ ಅಥವಾ ಅದಕ್ಕೆ ಲಗತ್ತಿಸಿದ ಪಟ್ಟಿಯಲ್ಲಿ ಇರಬೇಕು. ವಿವಾದ ಉಂಟಾದಾಗ ಬಾಯಿಮಾತಿನ ಭರವಸೆ ಉಪಯೋಗಕ್ಕೆ ಬರುವುದಿಲ್ಲ. ಸ್ವೀಕರಿಸಿದ ದಿನವೇ ಎಲ್ಲ ಮಾಡ್ಯೂಲ್‌ಗಳನ್ನೂ ಒಟ್ಟಿಗೆ ಸ್ವಿಚ್‌ನಲ್ಲಿ ಹಾಕಿ, ಸ್ವಿಚ್ ತೋರಿಸುವ ಕ್ರಮಸಂಖ್ಯೆಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಬೇಕು.

ಇದರೊಂದಿಗೆ, ಸ್ವಿಚ್ ತಯಾರಿಸಿದ ಬ್ರಾಂಡಿನದೇ ಆದ ಒಂದು ಜೊತೆ ಮಾಡ್ಯೂಲ್ ಅನ್ನು ಅಧಿಕೃತ ವಿತರಕರಿಂದ ಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವುದು ಬಹಳ ಉಪಯುಕ್ತ. ಇಪ್ಪತ್ತು ಪೋರ್ಟ್‌ಗಳಿಗೂ ಬ್ರಾಂಡಿನ ಮಾಡ್ಯೂಲ್ ಹಾಕುವ ವೆಚ್ಚಕ್ಕೆ ಹೋಲಿಸಿದರೆ ಇದು ಅಲ್ಪ. ಕಂಪನಿಯ ಬೆಂಬಲ ವಿಭಾಗದವರು "ನಮ್ಮ ಮಾಡ್ಯೂಲ್ ಹಾಕಿ ನೋಡಿ" ಎಂದ ಕೂಡಲೇ ಹಾಕಿ ತೋರಿಸಲು ಬೇರೆ ಮಾರ್ಗವಿಲ್ಲ. ಆ ಜೊತೆ ಇಲ್ಲದ ಸಂಸ್ಥೆಯಲ್ಲಿ ಸಂಪರ್ಕ ನಿಂತಾಗ, ಮಾಡ್ಯೂಲ್ ತರಿಸುವವರೆಗೆ ಆಸ್ಪತ್ರೆಯ ನೋಂದಣಿ ಕೌಂಟರ್ ಆಗಲಿ, ಸಹಕಾರ ಬ್ಯಾಂಕಿನ ನಗದು ಕೌಂಟರ್ ಆಗಲಿ ಕಾಯಬೇಕಾಗುತ್ತದೆ.

ಸಂಪರ್ಕ ಕಡಿದಾಗ

ಮೊದಲು ಕನೆಕ್ಟರ್‌ಗಳನ್ನು ಅದಕ್ಕೆಂದೇ ಇರುವ ಶುಚಿಗೊಳಿಸುವ ಸಾಧನದಿಂದ ಒರೆಸಬೇಕು; ಬಟ್ಟೆಯಿಂದಾಗಲಿ ಬಾಯಿಂದ ಊದಿಯಾಗಲಿ ಅಲ್ಲ. ಫೈಬರ್‌ನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. 1310 ಮತ್ತು 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ.

ನಂತರ ಸ್ವಿಚ್‌ನಲ್ಲಿ ಮಾಡ್ಯೂಲ್‌ನ ಉಷ್ಣಾಂಶ, ಕಳುಹಿಸುವ ಬೆಳಕು ಮತ್ತು ಸ್ವೀಕರಿಸುವ ಬೆಳಕಿನ ಅಂಕಿಗಳನ್ನು ನೋಡಬೇಕು. ಮಾನಕದ ಪ್ರಕಾರ ಈ ಬೆಳಕಿನ ಅಂಕಿಗಳಲ್ಲಿ 3 ಡಿಬಿವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಹೀಗಾಗಿ ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಳವಡಿಸಿದ ದಿನದ ಅಂಕಿಯನ್ನು ಬರೆದಿಟ್ಟು, ಅದರೊಂದಿಗೆ ಹೋಲಿಸಿದರೆ ತಿಳಿಯುತ್ತದೆ. ಕಳುಹಿಸುವ ಬೆಳಕು ಮೊದಲಿನಂತೆಯೇ ಇದ್ದು ಸ್ವೀಕರಿಸುವ ಬೆಳಕು ಎರಡೂ ತುದಿಗಳಲ್ಲಿ ಕುಗ್ಗಿದ್ದರೆ ದೋಷವು ಬಹುಮಟ್ಟಿಗೆ ಫೈಬರ್ ಮಾರ್ಗದಲ್ಲಿದೆ. ಸೇವಾದಾರರಿಗೆ ದೂರು ನೀಡುವಾಗ ಎರಡೂ ದಿನಗಳ ಅಂಕಿಗಳನ್ನು ಬರೆಯಬೇಕು. ಹಾಗೆ ಬರೆದ ದೂರಿಗೆ "ನಿಮ್ಮ ಮಾಡ್ಯೂಲ್ ಸರಿಯಿಲ್ಲ" ಎಂಬ ಸಿದ್ಧ ಉತ್ತರ ಕೊಡುವುದು ಕಷ್ಟ. ಅಂಕಿಗಳೆಲ್ಲ ಸರಿ ಇದ್ದೂ ಪೋರ್ಟ್ ಸ್ಥಗಿತಗೊಂಡಿದ್ದರೆ ಸ್ವಿಚ್‌ನ ದಾಖಲೆಯಲ್ಲಿ ಗುರುತಿನ ಪರಿಶೀಲನೆಯ ಸಂದೇಶ ಇದೆಯೇ ನೋಡಬೇಕು.

ಬ್ರಾಂಡಿನ ಮಾಡ್ಯೂಲ್ ಹಾಕಿದಾಗಲೂ ದೋಷ ಮುಂದುವರಿದರೆ ಆ ಸಂಗತಿಯನ್ನು ದಿನಾಂಕ, ವೇಳೆ ಸಹಿತ ದಾಖಲಿಸಿ ಸ್ವಿಚ್ ಕಂಪನಿಯ ಬೆಂಬಲ ವಿಭಾಗಕ್ಕೆ ಕಳುಹಿಸತಕ್ಕದ್ದು.

ದೂರು ಸಲ್ಲಿಸುವ ವಿಧಾನ

ಮಾರಾಟಗಾರರು ದೋಷಯುಕ್ತ ಅಥವಾ ನಕಲಿ ಮಾಡ್ಯೂಲ್ ನೀಡಿ ಬದಲಾಯಿಸಲು ನಿರಾಕರಿಸಿದಲ್ಲಿ ಮೊದಲು ಲಿಖಿತ ನೋಟಿಸ್ ನೀಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ ರೂ. 50 ಲಕ್ಷ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಮೂಲಕವೂ ದೂರು ಸಲ್ಲಿಸಬಹುದಾಗಿದೆ.

ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ಸದರಿ ಅಧಿನಿಯಮದ ಪ್ರಕಾರ 'ಗ್ರಾಹಕ' ಎಂಬ ಪದದ ವ್ಯಾಪ್ತಿಗೆ ಬರುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ತಾನೇ ಕುಳಿತು ಸೇವಾ ಕೇಂದ್ರ ನಡೆಸುವ ವ್ಯಕ್ತಿ ದೂರು ನೀಡಬಹುದು. ಕಂಪನಿಗಳು ಮತ್ತು ದೊಡ್ಡ ಉದ್ಯಮಗಳು ಖರೀದಿ ಒಪ್ಪಂದದ ಷರತ್ತುಗಳ ಆಧಾರದ ಮೇಲೆ ಸಿವಿಲ್ ನ್ಯಾಯಾಲಯವನ್ನು ಅಥವಾ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದಲ್ಲಿ ಮಧ್ಯಸ್ಥಗಾರರನ್ನು ಆಶ್ರಯಿಸಬೇಕಾಗುತ್ತದೆ.

ದೂರಿನೊಂದಿಗೆ ಬಿಲ್ಲು, ಕ್ರಮಸಂಖ್ಯೆಗಳ ಪಟ್ಟಿ, ಮಾಡ್ಯೂಲ್‌ನ ಎರಡೂ ಬದಿಗಳ ಛಾಯಾಚಿತ್ರ, ಸ್ವಿಚ್ ತೋರಿಸಿದ ಸಂದೇಶದ ಪ್ರತಿ ಹಾಗೂ ಮಾರಾಟಗಾರರೊಂದಿಗಿನ ಪತ್ರವ್ಯವಹಾರವನ್ನು ಲಗತ್ತಿಸಬೇಕು. ವ್ಯಾಜ್ಯ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ತಡವಾದಲ್ಲಿ ಸಕಾರಣವನ್ನು ಆಯೋಗಕ್ಕೆ ಮನದಟ್ಟು ಮಾಡಿಕೊಡಬೇಕಾಗುತ್ತದೆ.